ಹದಿನೇಳನೇ ನಂಬರಿನ ಕೆರೆ

ಹೈಸ್ಕೂಲಿನ ಮೇಲಂತಸ್ತಿನ ಕೊನೆಯ ಕೋಣೆಯ ಬೀಗದ ಕೈ ಮೂವತ್ತಾರು ವರ್ಷದಿಂದ ನಕ್ಷೆಯಕ್ಕನ ಹತ್ತಿರವೇ ಇತ್ತು. ಅವಳು ಮೇಷ್ಟ್ರಲ್ಲ, ಗುಮಾಸ್ತಳೂ ಅಲ್ಲ, ಅಟೆಂಡರ್. ಗಂಟೆ ಹೊಡೆಯುವುದು, ಸುತ್ತೋಲೆ ಹೊತ್ತು ತಿರುಗುವುದು, ಬೆಂಚಿನ ಧೂಳು ಕೊಡವುವುದು, ಇಷ್ಟೇ ಅವಳಿಗೆ ಹೇಳಿದ್ದ ಕೆಲಸ. ಆದರೆ ಆ ಕೋಣೆಯ ನಲವತ್ತೊಂದು ಗೋಡೆ ನಕ್ಷೆಗಳನ್ನು ಹೆತ್ತ ಮಕ್ಕಳಂತೆ ಸಾಕಿದವಳು ಅವಳು. ಹರಿದ ಕಡೆ ಹಿಂದಿನಿಂದ ತೆಳು ಬಟ್ಟೆ ಕೊಟ್ಟು, ಮೈದಾಹಿಟ್ಟಿನ ಅಂಟು ಸವರಿ, ಸುಕ್ಕು ಬೀಳದಂತೆ ಬಳೆಯ ಅಂಚಿನಿಂದ ತೀಡುವಳು. ಸಮುದ್ರದ ನೀಲಿ ಮಾಸಿದರೆ ಶಾಯಿ ನೀರಾಗಿಸಿ ಬಳಿಯುವಳು. ಯಾವ ದೇಶದ ನಕ್ಷೆ ಯಾವ ಕೋಲಿಗೆ ಸುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುವಳು. ಹೊಸದಾಗಿ ಬಂದ ಮೇಷ್ಟ್ರುಗಳು ಮೊದಮೊದಲು ನಕ್ಕು, ಆಮೇಲೆ ಮೆಲ್ಲಗೆ ಬಂದು, ಅಕ್ಕಾ, ಈ ಮರುಭೂಮಿ ಎಷ್ಟು ಅಗಲ ಎಂದು ಕೇಳುವುದು ವಾಡಿಕೆ.

ಏಳನೇ ಕ್ಲಾಸಿಗೆ ಓದು ನಿಂತವಳಿಗೆ ಇದೆಲ್ಲ ಬಂದದ್ದು ಅಪ್ಪನಿಂದ. ಅಪ್ಪ ಭೂಮಾಪನದ ಕಚೇರಿಯಲ್ಲಿ ಸರಪಳಿ ಹಿಡಿಯುವವನು. ಅರವತ್ತಾರು ಅಡಿಯ ಉಕ್ಕಿನ ಸರಪಳಿ, ಎರಡು ತುದಿಗೆ ಹಿತ್ತಾಳೆಯ ಹಿಡಿ, ಜೊತೆಗೆ ಹತ್ತು ಕಬ್ಬಿಣದ ಕಡ್ಡಿ. ಮುಂದಿನವನು ಸರಪಳಿ ಎಳೆದು ನಿಂತ ಕಡೆ ಕಡ್ಡಿ ನೆಡಬೇಕು, ಹಿಂದಿನವನು ಬಂದು ಅದನ್ನು ಕಿತ್ತು ಎಣಿಸಿಕೊಳ್ಳಬೇಕು. ಮುಂದಿನವನ ಕೈ ಬರಿದಾದಾಗ ಹಿಂದಿನವನ ಕೈಯಲ್ಲಿ ಹತ್ತು ಇರಲೇಬೇಕು. ಅಪ್ಪನ ಹಿಂದೆ ಕಡ್ಡಿ ಕೀಳುತ್ತ ಅಲೆದ ಹುಡುಗಿ ಒಂದು ದಿನ ಚಿಟ್ಟೆ ನೋಡುತ್ತ ಒಂದನ್ನು ಬಿಟ್ಟುಬಿಟ್ಟಳು. ಸಂಜೆಯಾಗಿತ್ತು, ಎಲ್ಲರ ಕಾಲೂ ಸೋತುಹೋಗಿತ್ತು. ಅಳತೆ ಬರೆದುಕೊಳ್ಳುತ್ತಿದ್ದ ಅಮೀನರು, ಹೋಗಲಿ ಬಿಡಪ್ಪ, ಹತ್ತು ಅಂತಲೇ ಬರೆದುಕೊಳ್ಳೋಣ ಅಂದರು. ಅಪ್ಪ ಒಪ್ಪಲಿಲ್ಲ. ಮಗಳನ್ನು ಎದುರು ನಿಲ್ಲಿಸಿಕೊಂಡು, ಆ ಅರವತ್ತಾರು ಅಡಿಯೊಳಗೆ ಯಾರ ಮನೆ ಇತ್ತು ಹೇಳು ನೋಡೋಣ ಎಂದು ಕೇಳಿದ. ಮತ್ತೆ ಮೊದಲಿನಿಂದ ಅಳೆದರು. ಅಪ್ಪ ಹೋದಮೇಲೆ ಕಚೇರಿಯವರು ಗುಜರಿಗೆ ಹಾಕಿದ ಆ ಸರಪಳಿಯನ್ನು ಅವಳು ತಂದು ನಕ್ಷೆ ಕೋಣೆಯ ಬೀರುವಿನಲ್ಲಿಟ್ಟಿದ್ದಳು. ತಿಂಗಳಿಗೊಮ್ಮೆ ಎಣ್ಣೆ ಸವರುವಳು.

ನಿವೃತ್ತಿಗೆ ಒಂದು ವರ್ಷ ಇದೆ ಎನ್ನುವಾಗ ಆ ಕೋಣೆಗೆ ಡಿಜಿಟಲ್ ನಕ್ಷೆ ಬಂತು. ಹದಿನಾರು ಕಂಪ್ಯೂಟರ್, ಗೋಡೆಯಗಲದ ಸ್ಕ್ರೀನ್. ಕಲಿಸಿಕೊಡಲು ಕಂಪನಿ ಕಳಿಸಿದ ಒಬ್ಬ ತರಬೇತುದಾರನೂ ಬಂದ. ಸದಾ ಒಂದು ಬೆರಳು ಎತ್ತಿಕೊಂಡೇ ಮಾತಾಡುತ್ತಿದ್ದ ಅವನಿಗೆ ಮಕ್ಕಳು ಎರಡನೇ ದಿನವೇ ಬೆರಳು ಸಾಹೇಬ ಎಂದು ಹೆಸರಿಟ್ಟರು. ಗೋಡೆ ನಕ್ಷೆಗಳನ್ನು ಸುತ್ತಿ ಮೂಲೆಗೆ ಒರಗಿಸಿದ್ದಾಯಿತು. ಸ್ಕ್ರೀನಿಗೆ ಬೆಳಕು ಬಡಿಯಬಾರದೆಂದು ಕಿಟಕಿಗಳಿಗೆ ಕಪ್ಪು ಪರದೆ ಬಂತು. ಕ್ಲಾಸು ಶುರುವಾಗುವ ಮುಂಚೆ ಪರದೆ ಎಳೆಯುವುದು, ಮುಗಿದಮೇಲೆ ಸ್ವಿಚ್ಚು ಆರಿಸುವುದು ಅಕ್ಕನ ಹೊಸ ಕೆಲಸ.

ನಕ್ಷೆಯಕ್ಕ ಯಂತ್ರ ಕಂಡರೆ ಮೂಗು ಮುರಿಯುವವಳೆಂದು ಯಾರೂ ತಿಳಿಯಬಾರದು. ಮೊದಲ ವಾರ ಅವಳಷ್ಟು ಹಿಗ್ಗಿದವರು ಇನ್ನೊಬ್ಬರಿರಲಿಲ್ಲ. ತಾನು ಎಷ್ಟೋ ಸಲ ಬಟ್ಟೆ ಹಚ್ಚಿದ ಒಂದು ನದಿಯನ್ನು ಭೂಗೋಳದ ಮೇಷ್ಟ್ರ ಕೈಯಲ್ಲಿ ಹುಡುಕಿಸಿ, ಹುಟ್ಟಿದ ಬೆಟ್ಟದಿಂದ ಕಡಲು ಸೇರುವವರೆಗೆ ಬಾಯಿ ತೆರೆದುಕೊಂಡು ನೋಡಿದ್ದಳು. ಬೇರೆ ಯಾರೂ ಇಲ್ಲದಾಗ ಸ್ಕ್ರೀನನ್ನು ಅಂಗೈಯಿಂದ ಸವರಿದ್ದೂ ಉಂಟು. ನಮ್ಮಪ್ಪ ಇದ್ದಿದ್ದರೆ ಅನ್ನ ನೀರು ಬಿಟ್ಟು ಇದರ ಮುಂದೆ ಕೂತಿರ್ತಿದ್ದ ಎಂದು ಗಂಡನ ಹತ್ತಿರ ಹೇಳಿದ್ದಳು.

ಪೇಚು ಶುರುವಾದದ್ದು ಪ್ರಾಯೋಗಿಕ ಪರೀಕ್ಷೆಯಿಂದ. ಪ್ರತಿಯೊಬ್ಬರೂ ಡಿಜಿಟಲ್ ನಕ್ಷೆಯಲ್ಲಿ ತಮ್ಮ ಮನೆಯನ್ನು ಗುರುತಿಸಿ, ತಮ್ಮ ಬೀದಿಯ ಉದ್ದಗಲ, ಕಟ್ಟಡ, ನೀರು, ದಾರಿ ಎಲ್ಲ ತುಂಬಬೇಕು. ಇಪ್ಪತ್ತು ಅಂಕ. ಅಂಕ ಹಾಕುವುದು ಮೇಷ್ಟ್ರಲ್ಲ, ಕಂಪ್ಯೂಟರ್. ಇದರಲ್ಲಿ ಸೊನ್ನೆ ಬಂದವರು ವರ್ಷದ ಪರೀಕ್ಷೆಗೆ ಕೂರುವಂತಿಲ್ಲ.

ಶಾಲೆಯ ಹಿಂದೆ, ಇನ್ನೂರು ಹೆಜ್ಜೆ ದೂರದಲ್ಲಿ ಹಗ್ಗದ ಓಣಿ. ಹಗ್ಗ ಹೊಸೆಯುವವರಿಗೆ ಅಂಕುಡೊಂಕು ಜಾಗ ಆಗಿಬರದು. ನೂಲು ಎಳೆದುಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹುರಿಗೊಳಿಸಬೇಕಾದ್ದರಿಂದ ಓಣಿ ಬಾಣ ಬಿಟ್ಟಂತೆ ನೇರ. ನಡುವೆ ಉದ್ದನೆಯ ಚಪ್ಪರ, ಎರಡು ಪಕ್ಕಕ್ಕೂ ಒತ್ತಿಕೊಂಡ ಹೆಂಚಿನ ಮನೆಗಳು. ಮೂರು ವರ್ಷದ ಹಿಂದೆ ಮುಷ್ಟಿ ಗಾತ್ರದ ಆಲಿಕಲ್ಲು ಬಿದ್ದು ಹೆಂಚೆಲ್ಲ ಪುಡಿಯಾದಾಗ ಸರ್ಕಾರದವರೇ ಲಾರಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ತಂದು ಹಂಚಿದ್ದರು. ಓಣಿಯವರು ಅದನ್ನೇ ಚಾವಣಿಗೆ ಬಿಗಿದುಕೊಂಡು, ಹೆಂಚು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯುತ್ತಿದ್ದರು. ಹೆಂಚಿಗಿಂತ ಮೊದಲು ಆಕಾಶದಿಂದ ಫೋಟೋ ತೆಗೆಯುವ ಉಪಗ್ರಹ ಬಂದುಹೋಯಿತು. ಆ ಫೋಟೋದಲ್ಲಿ ಉದ್ದಕ್ಕೆ ನೀಲಿ ಕಂಡದ್ದೇ ತಡ, ನಕ್ಷೆ ಮಾಡುವ ಯಂತ್ರ ಅದನ್ನು ನೀರೆಂದು ತೀರ್ಮಾನ ಮಾಡಿ, ಸುತ್ತ ಗೆರೆ ಎಳೆದು, ‘ಜಲಮೂಲ ಸಂಖ್ಯೆ ೧೭’ ಎಂದು ಬರೆದುಬಿಟ್ಟಿತು.

ಓಣಿಯಿಂದ ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದವರು ಹನ್ನೊಂದು ಮಕ್ಕಳು. ಅವರಲ್ಲೊಬ್ಬಳು ಕಡ್ಡಿ ಮೈಯ, ಗಟ್ಟಿ ಗಂಟಿನ ಹುಡುಗಿ. ಮನೆಯವರೂ ಊರವರೂ ಹುರಿ ಎಂದೇ ಕರೆಯುತ್ತಿದ್ದರು. ಅವಳು ತನ್ನ ಮನೆಯ ಮೇಲೆ ಗುರುತು ಇಟ್ಟ ಕೂಡಲೇ ಸ್ಕ್ರೀನಿನಲ್ಲಿ ಕೆಂಪು ಅಕ್ಷರ ಬಂತು: ಜಲಮೂಲದೊಳಗೆ ವಾಸಸ್ಥಳ ಗುರುತಿಸಲಾಗದು. ಮತ್ತೆ ಇಟ್ಟಳು, ಮತ್ತೆ ಅದೇ. ಕ್ಲಾಸೆಲ್ಲ ಗೊಳ್ಳೆಂದಿತು. ಕಪ್ಪೆಗಳು ಬಂದ್ವು ಜರುಗ್ರೋ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಓಣಿಯ ಮಕ್ಕಳು ತಲೆ ತಗ್ಗಿಸಿದರು.

ಬೆರಳು ಸಾಹೇಬ ಬಂದು ನೋಡಿದ. ನಕ್ಷೆ ತಿದ್ದಿಸಲು ಅರ್ಜಿ ಹಾಕಬಹುದು, ತೊಂಬತ್ತು ದಿನ ಹಿಡಿಯುತ್ತದೆ ಅಂದ. ಅಂಕಪಟ್ಟಿ ಹೋಗಬೇಕಾದ್ದು ಇನ್ನು ಆರು ದಿನಕ್ಕೆ. ಸ್ವಲ್ಪ ತಲೆ ಕೆರೆದುಕೊಂಡು, ಮುಖ ಅರಳಿಸಿ, ಒಂದು ಉಪಾಯ ಹೇಳಿದ. ಮನೆಯ ಬಗೆ ಎನ್ನುವ ಕಡೆ ದೋಣಿಮನೆ ಎಂದು ಒತ್ತಿದರೆ ನೀರಿನ ಮೇಲೂ ಗುರುತು ನಿಲ್ಲುತ್ತದಂತೆ. ಅವನೇ ಒಂದು ಒತ್ತಿ ತೋರಿಸಿದ. ಪುಟ್ಟ ದೋಣಿಯ ಚಿತ್ರ ನೀಲಿಯ ಮೇಲೆ ಕೂತಿತು, ಪಕ್ಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು.

ಹತ್ತು ಮಕ್ಕಳು ಒತ್ತಿದರು. ಅವರನ್ನು ಆಡಿಕೊಳ್ಳುವಂತಿಲ್ಲ, ಪರೀಕ್ಷೆ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹುರಿ ಮಾತ್ರ ಕೈ ಕಟ್ಟಿಕೊಂಡು ಕೂತಳು.

“ಒತ್ತಮ್ಮ, ಎಲ್ರೂ ಒತ್ತಿದ್ರಲ್ಲ” ಎಂದ ಸಾಹೇಬ.

“ನಮ್ಮನೇಲಿ ದೋಣಿ ಇಲ್ಲ ಸರ್. ಮನೆ ಇದೆ.”

ಗೋಡೆಗಂಟಿ ನಿಂತಿದ್ದ ನಕ್ಷೆಯಕ್ಕನಿಗೆ ಅಡಿಯಿಂದ ಮುಡಿವರೆಗೆ ಬೆಂಕಿ ಹತ್ತಿದಂತಾಯಿತು. ಭೂಗೋಳದ ಮೇಷ್ಟ್ರು ಏನಾದರೂ ಅಂದಾರೆಂದು ಅವರ ಕಡೆ ನೋಡಿದಳು. ಮೂವತ್ತು ದಾಟದ ವಯಸ್ಸು, ಕೆಲಸ ಇನ್ನೂ ಕಾಯಂ ಆಗಿಲ್ಲ. ಅವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಹುರಿಯ ಹೆಸರಿನ ಮುಂದೆ ಸೊನ್ನೆ ಬಿತ್ತು.

ಆ ಸಂಜೆ ಅಕ್ಕ ಮನೆಗೆ ಹೋದವಳೇ ಪಾತ್ರೆಗಳನ್ನು ಕುಕ್ಕತೊಡಗಿದಳು. ಅವಳ ಗಂಡ ದರ್ಜಿ. ಮೂವತ್ತು ವರ್ಷದ ಗಿರಾಕಿ ಬಂದರೂ ಹೊಸದಾಗಿ ಅಳತೆ ತೆಗೆಯದೆ ಕತ್ತರಿ ಮುಟ್ಟದ ಮನುಷ್ಯ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ. ಹಾಗಾದರೆ ಆ ಸಾಹೇಬ ನನ್ನ ಅಂಗಡಿಗೆ ಬಂದರೆ ಮಹಡಿಯ ಕಿಟಕಿಯಿಂದ ನೆತ್ತಿ ನೋಡಿ ಷರಾಯಿ ಹೊಲಿದು ಕೊಡುತ್ತೇನೆ ಅಂದ. ಅಕ್ಕನಿಗೆ ನಗು ಬರಲಿಲ್ಲ. ಗಂಡ ದಾರ ಕಚ್ಚಿ ತುಂಡು ಮಾಡಿ, ಒಂದು ವರ್ಷ ಇದೆ ಮಾರಾಯ್ತಿ, ಮೇಲಿನವರ ಹತ್ತಿರ ಬಾಯಿ ಹಾಕಬೇಡ ಅಂದ. ಅದಕ್ಕೆ ಅವಳು, ಬಾಯಿ ಹಾಕೋದಿಲ್ಲ, ಕಾಲು ಹಾಕ್ತೀನಿ ಅಂದಳು. ಅವನಿಗೆ ಅರ್ಥವಾಗಲಿಲ್ಲ, ಅವಳಿಗೂ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಹುರಿಯನ್ನು ಒಪ್ಪಿಸಲು ನಕ್ಷೆ ಕೋಣೆಗೇ ಬಂದರು. ಕತ್ತಲು ಕೋಣೆ, ಗೋಡೆಯ ಮೇಲೆ ನೀಲಿ ಕೆರೆ, ಕೆರೆಯಲ್ಲಿ ಹತ್ತು ದೋಣಿ. ಮೇಡಂ ಕೆಟ್ಟವರಲ್ಲ. ಒಂದು ಗುಂಡಿ ಒತ್ತುವುದಕ್ಕೆ ಇಷ್ಟು ಹಟ ಯಾಕೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂದು ಸಮಾಧಾನದಿಂದಲೇ ಹೇಳಿದರು. ಆಗ ಅಕ್ಕ ಮುಂದೆ ಬಂದು, ಮೇಡಂ, ಸುಳ್ಳು ಬರೆಯೋಕೆ ಮಗು ಒಲ್ಲೆ ಅಂದರೆ ಅದಕ್ಕೆ ಹಟ ಅಂತೀರಾ ಎಂದು ಕೇಳಿದಳು.

“ಅಕ್ಕಾ, ನಿಮ್ಮ ಕೆಲಸ ಪರದೆ ನೋಡಿಕೊಳ್ಳೋದು.”

“ಸರಿ ಮೇಡಂ, ನೋಡಿಕೊಳ್ತೀನಿ” ಎಂದು ಅಕ್ಕ ಹೋಗಿ ಹಿಂದಿನ ಕಿಟಕಿಯ ಪರದೆಯನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದಳು.

ಬೆಳಕು ನುಗ್ಗಿ ಗೋಡೆಯ ಮೇಲಿನ ಕೆರೆ ಮಾಸಿಹೋಯಿತು. ಕಿಟಕಿಯಾಚೆ ಹಗ್ಗದ ಓಣಿ ಇತ್ತು. ನೀಲಿ ಹಾಳೆಗಳ ಮೇಲೆ ಬಟ್ಟೆ ಒಣಗುತ್ತಿತ್ತು, ಒಂದು ಬೆಕ್ಕು ನಡೆಯುತ್ತಿತ್ತು, ಚಪ್ಪರದ ಸಂದಿಯಲ್ಲಿ ಮುದುಕನೊಬ್ಬ ಹಗ್ಗ ಹೊಸೆಯುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಅಷ್ಟು ದಿನ ಆ ಕೋಣೆಯಲ್ಲಿ ಕೂತು ಕೆರೆಯ ವಿಸ್ತೀರ್ಣ ಕಲಿತವರು ಒಬ್ಬರೂ ಎದ್ದು ಹತ್ತು ಹೆಜ್ಜೆ ಬಂದು ಪರದೆ ಸರಿಸಿರಲಿಲ್ಲ. ದಿನಾ ಪರದೆ ಎಳೆದವಳು ತಾನೇ ಎನ್ನುವುದೂ ಅಕ್ಕನಿಗೆ ಹೊಳೆದು, ಸಿಟ್ಟು ಇನ್ನಷ್ಟು ಏರಿತು.

ಬೆರಳು ಸಾಹೇಬ ಕಿಟಕಿಯತ್ತ ನೋಡಿದ. ಅವನಿಗೂ ಮುಜುಗರವಾಯಿತು. “ನೀವು ಹೇಳೋದು ನಿಜ ಇರಬಹುದು ಅಕ್ಕ. ಆದ್ರೆ ಸಿಸ್ಟಮ್ ಒಪ್ಪಲ್ಲ” ಎಂದ.

ಇರಬಹುದು! ಕಣ್ಣೆದುರು ಬೆಕ್ಕು ನಡೆಯುತ್ತಿದ್ದರೂ ಇರಬಹುದು. ಅಕ್ಕ ಬೀರು ತೆರೆದು, ಸರಪಳಿಯ ಹಿಂದೆ ಇಟ್ಟಿದ್ದ ಹಳೆಯ ನಿಯಮದ ಪುಸ್ತಕ ತೆಗೆದಳು. ಅದರ ಬೆನ್ನಿಗೂ ಅವಳೇ ಬಟ್ಟೆ ಅಂಟಿಸಿದ್ದಳು. ಭೂಗೋಳದ ಪ್ರಾಯೋಗಿಕಕ್ಕೆ ಸರಪಳಿಯಿಂದ ಅಳೆದು, ಅಳತೆಯನ್ನೆಲ್ಲ ಕ್ಷೇತ್ರಪುಸ್ತಕದಲ್ಲಿ ಬರೆದು, ಮೇಷ್ಟ್ರ ಸಹಿ ಹಾಕಿಸಿದರೆ ಅಂಕ ಕೊಡಬಹುದು ಎಂದು ಅದರಲ್ಲಿತ್ತು. ಡಿಜಿಟಲ್ ನಕ್ಷೆ ಬಂದ ಸುತ್ತೋಲೆಯನ್ನು ಅಕ್ಕನೇ ಕ್ಲಾಸು ಕ್ಲಾಸಿಗೆ ಹೊತ್ತು ತಿರುಗಿದ್ದಳು, ಆಗಲೇ ಎರಡು ಸಲ ಓದಿದ್ದಳು. ಹಳೆಯದು ರದ್ದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಮೇಡಂ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. ಮೇಷ್ಟ್ರು ಸಹಿ ಹಾಕುವುದಾದರೆ ತಮ್ಮ ಅಡ್ಡಿ ಇಲ್ಲ ಅಂದರು. ಹಾಗೆಂದು ಭಾರವನ್ನೆಲ್ಲ ಆ ಪೆನ್ನಿನ ಮುಚ್ಚಳದ ಮೇಷ್ಟ್ರ ಮೇಲೆ ಇಳಿಸಿ ಕೈ ತೊಳೆದುಕೊಂಡರು. ಮೇಷ್ಟ್ರು, ನೋಡೋಣ ಅಕ್ಕ ಅಂದರು. ಒಲ್ಲೆ ಅನ್ನಲಾರದವರು ಹಾಗೆ ಅನ್ನುತ್ತಾರೆಂದು ಅಕ್ಕನಿಗೆ ಗೊತ್ತು.

ಶನಿವಾರ ಮಧ್ಯಾಹ್ನ ಸರಪಳಿ ಓಣಿಗಿಳಿಯಿತು. ಮುಂದಿನ ತುದಿಗೆ ಹತ್ತು ಕಡ್ಡಿ ಹಿಡಿದ ಹುರಿ, ಹಿಂದಿನ ತುದಿಗೆ ನಕ್ಷೆಯಕ್ಕ, ಪಕ್ಕದಲ್ಲಿ ಪುಸ್ತಕ ಹಿಡಿದ ಮೇಷ್ಟ್ರು. ದೋಣಿ ಒತ್ತಿದ ಹತ್ತು ಮಕ್ಕಳೂ ಕರೆಯದೆಯೇ ಬಂದರು. ದೊಡ್ಡ ಮೇಡಂ ಸಾಕ್ಷಿಗೆಂದು ಬಂದರು. ಬೆರಳು ಸಾಹೇಬನೂ ಬಂದ, ಹೊಳೆಯುವ ಬೂಟು ಹಾಕಿಕೊಂಡು. ಹಗ್ಗ ಹೊಸೆಯುವ ಮುದುಕ, ಹುರಿಯ ಅಜ್ಜ, ಅವನನ್ನು ಮೇಲಿನಿಂದ ಕೆಳಗೆ ನೋಡಿ, ಬೂಟು ಬಿಚ್ಚಿ ಕೈಲಿ ಹಿಡ್ಕೊಳಿ ಸ್ವಾಮಿ, ಕೆರೆ ಆಳ ಇದೆ ಅಂದ. ಓಣಿಯ ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಹೊಸೆಯುವ ಮುಂಚೆ ನಾರು ನೆನೆಸಬೇಕು. ಅದಕ್ಕೆ ಇದ್ದದ್ದು ಓಣಿಗೊಂದೇ ನಲ್ಲಿ, ಅದೂ ದಿನ ಬಿಟ್ಟು ದಿನ. ಇನ್ನೊಂದು ನಲ್ಲಿ ಕೇಳಲು ಹೋದರೆ, ಕೆರೆಯೊಳಗೆ ಕೂತು ನೀರು ಕೇಳ್ತೀರಾ ಅಂತಾರೇನೋ ಈಗ ಎಂದು ಒಬ್ಬಾಕೆ ಅಂದಳು. ಆ ಮಾತಿಗೆ ಯಾರೂ ನಗಲಿಲ್ಲ.

ಮೇಷ್ಟ್ರು ಹಾಳೆಯ ನಡುವೆ ಗೆರೆ ಎಳೆದು, ಹುರಿ ಹೇಳಿದಂತೆ, ಎಡಕ್ಕೆ ಸಿಕ್ಕ ಮನೆ ಎಡಕ್ಕೆ, ಬಲಕ್ಕೆ ಸಿಕ್ಕದ್ದು ಬಲಕ್ಕೆ ಬರೆದುಕೊಂಡು ಹೋದರು. ಕ್ಷೇತ್ರಪುಸ್ತಕವನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು, ನಡೆದಂತೆ ಹಾಳೆಯೂ ಮುಂದಕ್ಕೆ ಹೋಗಬೇಕು. ಇದೇನು ತಲೆಕೆಳಗೆ ಬರೀತಿದ್ದೀರಿ ಎಂದು ಸಾಹೇಬ ಕೇಳಿದ. ನಡೆಯುವವರು ಹೀಗೇ ಬರೆಯೋದು, ಕೂತಲ್ಲೇ ಬರೆಯೋರಿಗೆ ಮೇಲಿಂದ ಕೆಳಗೆ ಎಂದು ಅಕ್ಕ ತಿರುಗಿ ನಿಂತು ಚುಚ್ಚಿದಳು. ಅಷ್ಟಕ್ಕೇ ಬಿಡದೆ ಆಕಾಶ, ಉಪಗ್ರಹ, ನೀಲಿ ಹಾಳೆ ಹಂಚಿದವರು ಎಲ್ಲರನ್ನೂ ಸೇರಿಸಿ ಝಾಡಿಸಿದಳು. ಪರೀಕ್ಷೆಯ ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಒಂದೇ ಸಲ ಉಕ್ಕಿತು. ಮಾತಾಡುತ್ತಲೇ ಹಿಂದಿನ ಹಿಡಿ ಎತ್ತಿಕೊಂಡು ಮುಂದೆ ನಡೆದಳು.

ಓಣಿ ಮುಗಿಯುತ್ತ ಬಂದಾಗ ಹುರಿ ನಿಂತು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಅವಳ ಕಡ್ಡಿ ಮುಗಿದಿತ್ತು. ಅಕ್ಕ ಬಂದು ಕೊನೆಯ ಕಡ್ಡಿ ಕಿತ್ತು, ತನ್ನ ಕೈಯಲ್ಲಿದ್ದದ್ದನ್ನೆಲ್ಲ ಎಣಿಸಿದಳು. ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತೇ.

ಅವಳ ಐವತ್ತೊಂಬತ್ತು ವರ್ಷದ ಮುಖ ಹತ್ತು ವರ್ಷದ ಹುಡುಗಿಯ ಮುಖದಂತಾಯಿತು. ಎಲ್ಲರೂ ನೋಡುತ್ತಿದ್ದರು. ಹತ್ತು ಸರಪಳಿ ಆಗಿದೆ ಅಂತ ಎಲ್ಲರಿಗೂ ಗೊತ್ತಲ್ಲ, ಹಾಗೇ ಬರೆದುಕೊಳ್ಳಿ, ಬಿಸಿಲು ಬೇರೆ ಎಂದು ಮೇಡಂ ಹೇಳಿದರು. ಹೊರಡುವಾಗಲೇ ಒಂಬತ್ತು ಇದ್ದಿರಬಹುದು ಎಂದು ಸಾಹೇಬನೂ ಒಂದು ದಾರಿ ತೋರಿಸಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ; ಅದು ಇನ್ನೂ ಉರಿಸಿತು.

“ತಪ್ಪು ನಂದು” ಎಂದಳು ಅಕ್ಕ. “ಬಾಯಿ ಬಡ್ಕೊಂಡು ನೆಲ ನೋಡ್ಲಿಲ್ಲ. ಹುರೀ, ನಡಿ ವಾಪಸ್ಸು. ಮೊದಲಿನಿಂದ.”

ಆರನೇ ಕಡ್ಡಿ ನಲ್ಲಿಯ ಹತ್ತಿರ ಸಿಕ್ಕಿತು, ಸಾಲಾಗಿಟ್ಟ ಬಿಂದಿಗೆಗಳ ನಡುವೆ ನೆಟ್ಟಗೆ ನಿಂತಿತ್ತು. ಸಿಕ್ಕಿತಲ್ಲ, ಇನ್ನೇನು ಅಂದವರ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಓಣಿಯ ಬಾಯಿಂದ ಮತ್ತೆ ಸರಪಳಿ ಹಾಸಿದರು. ಈ ಸಲ ಅಕ್ಕ ತುಟಿ ಬಿಚ್ಚಲಿಲ್ಲ, ಎಣಿಕೆಯ ಹೊರತು. ಹತ್ತಾದಾಗ ಹತ್ತೂ ಕಡ್ಡಿ ಅವಳ ಕೈಯಲ್ಲಿದ್ದವು. ಎಲ್ಲವನ್ನೂ ಹುರಿಗೆ ಹಿಂದಕ್ಕೆ ಕೊಟ್ಟು, ಮೇಷ್ಟ್ರ ಪುಸ್ತಕದಲ್ಲಿ ಒಂದು ಗುರುತು ಹಾಕಿಸಿ, ಮುಂದೆ ನಡೆದರು. ಓಣಿಯ ಕೊನೆಯ ಗೂಟಕ್ಕೆ ಮುಟ್ಟಿದಾಗ ಹನ್ನೆರಡು ಸರಪಳಿ, ಒಂದು ಕೊಂಡಿ ಹೆಚ್ಚಿಲ್ಲ ಕಡಿಮೆಯಿಲ್ಲ. ಹುರಿ ಸುಮ್ಮನೆ ಅಜ್ಜನ ಕಡೆ ನೋಡಿದಳು. ಅಜ್ಜ ಸುತ್ತಿಟ್ಟ ಹಗ್ಗವನ್ನು ಕಾಲಿನಿಂದ ಮುಂದಕ್ಕೆ ಸರಿಸಿ, ಈ ಓಣಿಯ ಹಗ್ಗ ನಮ್ಮ ತಾತನ ಕಾಲದಿಂದಲೂ ನೂರಾ ಮೂವತ್ತೆರಡು ಮಾರು, ಕೇಳಿದ್ರೆ ಹೇಳ್ತಿದ್ದೆ ಅಂದ. ಹನ್ನೊಂದು ಮಾರಿಗೆ ಒಂದು ಸರಪಳಿ. ಮೇಷ್ಟ್ರು ಅಂಗೈ ಮೇಲೆ ಲೆಕ್ಕ ಮಾಡಿ ತಲೆ ಎತ್ತಿದರು.

ಪುಸ್ತಕ ಭರ್ತಿಯಾಗಿತ್ತು. ಎಡಕ್ಕೆ ಹದಿನೆಂಟು ಮನೆ, ಬಲಕ್ಕೆ ಇಪ್ಪತ್ತೊಂದು, ಚಪ್ಪರ ಒಂದು, ನಲ್ಲಿ ಒಂದು. ಉಳಿದದ್ದು ಸಹಿ. ಮೇಷ್ಟ್ರು ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು, ಮತ್ತೆ ಹಾಕಿದರು. ಮೇಲಿನ ಕಚೇರಿಯವರು ಏನಂತಾರೋ, ಕಂಪನಿಯವರು ದೂರು ಕೊಟ್ಟರೆ ತಮ್ಮ ಕೆಲಸ ಏನಾಗುತ್ತದೋ ಎಂದು ಮೆಲ್ಲಗೆ ಅಕ್ಕನ ಹತ್ತಿರ ಹೇಳಿಕೊಂಡರು. ಅವರ ಹೆದರಿಕೆ ಸುಳ್ಳಲ್ಲ. ಆದರೆ ಎದುರಿಗೆ ಕಡ್ಡಿಗಳನ್ನು ಎದೆಗೊತ್ತಿಕೊಂಡು ನಿಂತ ಹುಡುಗಿಯ ಪರೀಕ್ಷೆ ಆ ಪೆನ್ನಿನ ಮುಚ್ಚಳದೊಳಗೆ ಸಿಕ್ಕಿಕೊಂಡಿತ್ತು.

“ಮೇಷ್ಟ್ರೇ” ಎಂದಳು ಅಕ್ಕ, ಜಗಳದ ದನಿಯಲ್ಲ. “ನೀವು ಈಗ ಎಲ್ಲಿ ನಿಂತಿದ್ದೀರಿ?”

ಮೇಷ್ಟ್ರು ಕಾಲ ಕೆಳಗೆ ನೋಡಿಕೊಂಡರು. ನಾರಿನ ಚೂರು ಬಿದ್ದ ಮಣ್ಣು. ಚಪ್ಪಲಿ ಧೂಳಾಗಿತ್ತು.

“ಅಷ್ಟಕ್ಕೆ ಸಹಿ ಹಾಕಿ. ಅದಕ್ಕಿಂತ ಒಂದು ಅಂಗುಲ ಹೆಚ್ಚಿಗೆ ಬೇಡ.”

ಅವರು ಹುರಿಯ ಅಜ್ಜನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಮೇಡಂ ಕೆಳಗೆ ತಮ್ಮದೂ ಹಾಕಿದರು. ಇಡೀ ಓಣಿ ನೋಡುತ್ತಿರುವಾಗ ಹಾಕದೆ ಇರುವಂತಿರಲಿಲ್ಲ. ಹುರಿಗೆ ಹದಿನೇಳು ಅಂಕ ಬಂತು. ಮೂರು ಯಾಕೆ ಕಳೆದಿರಿ ಎಂದು ಅಕ್ಕ ಆಮೇಲೆ ಮೇಷ್ಟ್ರನ್ನು ಕೇಳಿದಳು. ದಿಕ್ಕಿನ ಗುರುತು ಹೇಳಿ ಬರೆಸಲು ಮರೆತಿದ್ದಾಳೆ ಅಂದರು. ಅದು ನ್ಯಾಯವೆಂದು ಅಕ್ಕನೂ ಒಪ್ಪಿದಳು.

ಪರೀಕ್ಷೆ ಮುಗಿದ ದಿನ ಹುರಿ ನಕ್ಷೆ ಕೋಣೆಗೆ ಬಂದಳು. ಭೂಗೋಳದ ಪ್ರಶ್ನೆಪತ್ರಿಕೆಯಲ್ಲಿ ನಿಮ್ಮ ಶಾಲೆಗೆ ಅತಿ ಸಮೀಪದ ಜಲಮೂಲ ಯಾವುದು, ಅದರ ಉಪಯೋಗವೇನು ಎಂದು ಎರಡು ಅಂಕದ ಪ್ರಶ್ನೆ ಇತ್ತಂತೆ. ಹಗ್ಗದ ಓಣಿಯ ನಲ್ಲಿ, ದಿನ ಬಿಟ್ಟು ದಿನ ಬರುತ್ತದೆ, ಮೂವತ್ತೊಂಬತ್ತು ಮನೆಗೆ ಅದೊಂದೇ ಎಂದು ಬರೆದು ಬಂದಿದ್ದಳು. ತಿದ್ದುವವರ ಹತ್ತಿರ ಇರುವ ಉತ್ತರದಲ್ಲಿ ಏನಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಹಲ್ಲು ಕಡಿದಳು, ಆದರೆ ಹುಡುಗಿಯ ಬೆನ್ನು ತಟ್ಟಿದಳು.

ತೊಂಬತ್ತು ದಿನ ಕಳೆದು ನೂರೈವತ್ತಾಯಿತು. ಮೇಡಂ ಹಾಕಿದ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂದು ಬಂದದ್ದು ಹಾಗೇ ಇದೆ. ಹುರಿಯ ಗುರುತನ್ನು ನಕ್ಷೆ ಇವತ್ತಿಗೂ ಒಪ್ಪಿಲ್ಲ. ಓಣಿಯಲ್ಲಿ ಅರ್ಧ ಮನೆಗೆ ಹೆಂಚು ಬಂದಿದೆ. ಗೋಡೆಯ ಮೇಲೆ ಮಾತ್ರ ಹದಿನೇಳನೇ ನಂಬರಿನ ಕೆರೆ ತುಂಬಿ ನಿಂತಿದೆ, ಹತ್ತು ದೋಣಿ ಅಲ್ಲಾಡದೆ ತೇಲುತ್ತಿವೆ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ. ಭೂಗೋಳದ ಕ್ಲಾಸಿಗೆ ಮೊದಲು ನಕ್ಷೆಯಕ್ಕ ಹಿಂದಿನ ಕಿಟಕಿಯ ಪರದೆ ತೆರೆಯುತ್ತಾಳೆ. ಎಲ್ಲ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಹೊರಗೆ ನೋಡಿ ಹೋಗಿ ಕೂರುವವರೆಗೆ ಮುಚ್ಚುವುದಿಲ್ಲ. ಹೊತ್ತಾಯಿತು ಅಕ್ಕ ಎಂದು ಬೆರಳು ಸಾಹೇಬ ಗಡಿಯಾರ ತೋರಿಸುತ್ತಾನೆ. ಅವಳು ಅವನನ್ನೂ ಕೈ ಮಾಡಿ ಕರೆಯುತ್ತಾಳೆ, ಸಾಲಿನ ಕೊನೆಯಲ್ಲಿ ನಿಲ್ಲು ಎಂದು.